ಕುಬ್ಜವಾಗುತ್ತಿರುವ ಹಿಮಕಮಲ

ಹೆಸರು ಕಮಲ, ನೆಲೆ ಮಾತ್ರ ಸರೋವರವಲ್ಲ, ಹಿಮಗಿರಿಯ ಕಲ್ಲುರಾಶಿ. ಪೂರ್ವ ಹಿಮಾಲಯ, ಟಿಬೆಟ್ ಹಾಗೂ ಚೀನದ ಯುನ್ನಾನ್ ಸೀಮೆಗಳಲ್ಲಿ, 4,000 ಮೀಟರಿಗೂ ಎತ್ತರದ ಇಳಿಜಾರುಗಳಲ್ಲಿ ಬೆಳೆಯುವ ಹಿಮಕಮಲವು ಸೇವಂತಿಗೆ, ಸೂರ್ಯಕಾಂತಿಗಳ ಕುಟುಂಬಕ್ಕೆ ಸೇರಿದುದು. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಸಾಸುರಿಯ ಲ್ಯಾನಿಸೆಪ್ಸ್. ಉಣ್ಣೆಯಂಥ ಬಿಳಿಯ ರೋಮಗಳು ಗಿಡದ ಮೈಯನ್ನೆಲ್ಲ ಕಂಬಳಿಯಂತೆ ಹೊದ್ದಿಸಿ ಹೂವನ್ನು ಶೀತದಿಂದ ಕಾಯುತ್ತವೆ.

ಇದು ಅರಳುವುದು ಬಾಳಿನಲ್ಲಿ ಒಂದೇ ಸಲ. ಹಲವು ವರ್ಷಗಳ ಕಾಲ ಕೂಡಿಟ್ಟ ಸತ್ವವನ್ನೆಲ್ಲ ಹೂವಿಗೆ ಧಾರೆಯೆರೆದು, ಬೀಜ ಚೆಲ್ಲಿ, ಗಿಡವು ಮಡಿಯುತ್ತದೆ. ಗೊನೆಬಿಟ್ಟ ಬಾಳೆಗೆ ಬುಡದಲ್ಲಿ ಮರಿಗಳಾದರೂ ಉಂಟು. ಹಿಮಕಮಲದ ವಂಶಕ್ಕೆ ಬೀಜವೊಂದೇ ಗತಿ.

ಟಿಬೆಟ್ ಮತ್ತು ಚೀನದ ವೈದ್ಯಪದ್ಧತಿಗಳಲ್ಲಿ ಇದು ಬೆಲೆಯುಳ್ಳ ಮೂಲಿಕೆ. ಔಷಧಕ್ಕೆಂದು ಕೀಳುವುದು ಹೂವಾದಾಗ, ಅಂದರೆ ಬೀಜ ಬಲಿಯುವ ಮುನ್ನ. ಅದರಲ್ಲಿಯೂ ಎತ್ತರದ ಗಿಡಕ್ಕೇ ಮೊದಲು ಕೈ. ಕುಳ್ಳ ಗಿಡಗಳು ಮಾತ್ರ ಉಳಿದು ಬೀಜ ಬಿಡುತ್ತವೆ. ಇದರ ಪರಿಣಾಮವನ್ನು ವೇಯ್ನ್ ಲಾ ಮತ್ತು ಜ್ಯಾನ್ ಸಾಲಿಕ್ ಎಂಬ ವಿಜ್ಞಾನಿಗಳು 2005ರಲ್ಲಿ ಪ್ರಕಟಿಸಿದರು. ಸಸ್ಯಸಂಗ್ರಹಾಲಯಗಳಲ್ಲಿ ಒಣಗಿಸಿಟ್ಟ ಮಾದರಿಗಳನ್ನು ಅಳೆದಾಗ, ಸುಮಾರು ಒಂದು ಶತಮಾನದಲ್ಲಿ ಗಿಡವು ಗಿಡ್ಡವಾಗುತ್ತ ಬಂದಿರುವುದು ಕಂಡಿತು. ಅಷ್ಟಾಗಿ ಕೀಳದ ಇದರ ಸೋದರಜಾತಿಯೊಂದು ಕುಗ್ಗಿರಲಿಲ್ಲ. ಜನರು ಪವಿತ್ರವೆಂದು ಕೈಹಚ್ಚದ ತಾಣಗಳಲ್ಲಿ ಹಿಮಕಮಲವೂ ಎತ್ತರವಾಗಿಯೇ ಇದ್ದಿತು.

ಕಣದಲ್ಲಿ ಒಕ್ಕಲಿಗನು ದಪ್ಪ ತೆನೆಯನ್ನು ಬಿತ್ತನೆಗೆ ತೆಗೆದಿರಿಸಿ, ಉಳಿದುದನ್ನು ಉಣ್ಣುತ್ತಾನೆ. ಬೆಟ್ಟದ ಮೇಲೆ ಆ ವಿವೇಕವು ತಲೆಕೆಳಗಾಗಿದೆ.