ಮಾತು ತಡವಾದ ಮಗು ಮತ್ತು ಮಿದುಳಿನ ಪರೀಕ್ಷೆ

ಸಹೋದರಿಯರೇ, ಮಾತು ಬಾರದ, ನಡಿಗೆ ತಡವಾದ ಮಗು ಮನೆಯಲ್ಲಿದ್ದರೆ ಬಂದವರೆಲ್ಲ ಒಂದೊಂದು ಹೇಳುತ್ತಾರೆ. 'ಇವನ ತಂದೆ ಮಾತಾಡಿದ್ದೂ ತಡವಾಗಿಯೇ' ಎಂದು ಅಜ್ಜಿ ಸಮಾಧಾನ ಪಡಿಸುತ್ತಾರೆ. ದೃಷ್ಟಿ ತಾಗಿದೆ ಎನ್ನುತ್ತಾರೆ ನೆರೆಮನೆಯವರು. ಕೊನೆಗೆ ಆರೋಪವೆಲ್ಲ ತಾಯಿಯ ತಲೆಗೇ ಬರುತ್ತದೆ. ಆದರೆ ಇಂಥ ಮಕ್ಕಳಲ್ಲಿ ಬೆರಳೆಣಿಕೆಯ ಕೆಲವರಿಗೆ ಮಿದುಳಿನಲ್ಲಿ ಒಂದೇ ಒಂದು ವಸ್ತುವಿನ ಕೊರತೆಯಿರುತ್ತದೆ. ತಲೆಗೆ ಸೂಜಿ ತಾಗಿಸದೆಯೇ ಅದನ್ನು ಪತ್ತೆ ಹಚ್ಚಬಹುದು.

ಎಂಆರ್‌ಐ ನಮಗೆಲ್ಲ ಗೊತ್ತು. ಅದೇ ಯಂತ್ರದಲ್ಲಿ ಮಾಡುವ ಇನ್ನೊಂದು ಪರೀಕ್ಷೆ ಮ್ಯಾಗ್ನೆಟಿಕ್ ರೆಸೊನೆನ್ಸ್ ಸ್ಪೆಕ್ಟ್ರೋಸ್ಕೋಪಿ, ಅಂದರೆ ಎಂಆರ್‌ಎಸ್. ಎಂಆರ್‌ಐ ಮಿದುಳಿನ ಚಿತ್ರ ಕೊಟ್ಟರೆ, ಎಂಆರ್‌ಎಸ್ ಏರಿಳಿತದ ಒಂದು ಗೆರೆ ಕೊಡುತ್ತದೆ. ಮಿದುಳಿನ ಒಂದು ಸಣ್ಣ ಭಾಗದಲ್ಲಿ ಯಾವ ರಾಸಾಯನಿಕ ಎಷ್ಟಿದೆಯೆಂದು ವೈದ್ಯರು ಆ ಗೆರೆಯಿಂದ ತಿಳಿಯುತ್ತಾರೆ. ಬಲವಾದ ಅಯಸ್ಕಾಂತದೊಳಗೆ ಒಂದೊಂದು ವಸ್ತುವಿನ ಹೈಡ್ರೋಜನ್ನೂ ತುಸು ಬೇರೆಯಾದ ಆವರ್ತನದಲ್ಲಿ ಸಂಕೇತ ನೀಡುತ್ತದೆ. ಮಕ್ಕಳೆಲ್ಲ ಒಟ್ಟಿಗೆ ಪಾಠ ಒಪ್ಪಿಸುವಾಗ, ಬೆನ್ನು ತಿರುಗಿಸಿ ನಿಂತ ಉಸ್ತಾದರಿಗೂ ಯಾರ ಧ್ವನಿ ಇಲ್ಲವೆಂದು ಗೊತ್ತಾಗುತ್ತದಲ್ಲ, ಹಾಗೆ. ಮಿದುಳಿನಲ್ಲಿ ನೀರಿನ ಸಂಕೇತವೇ ಸಾವಿರಾರು ಪಟ್ಟು ದೊಡ್ಡದು. ಅದನ್ನು ಅಡಗಿಸಿದರೆ ಮಾತ್ರ ಉಳಿದವು ಕೇಳಿಸುತ್ತವೆ.

1994ರಲ್ಲಿ ಜರ್ಮನಿಯ ಗಾಟಿಂಗೆನ್‌ನ ವೈದ್ಯರು 22 ತಿಂಗಳ ಗಂಡು ಮಗುವೊಂದರ ವಿಷಯ ಪ್ರಕಟಿಸಿದರು. ಮಗುವಿನ ಕೈಕಾಲುಗಳ ಚಲನೆ ಹತೋಟಿಯಲ್ಲಿರಲಿಲ್ಲ. ಎಂಆರ್‌ಎಸ್ ಮಾಡಿದಾಗ ಎಲ್ಲರ ಮಿದುಳಿನಲ್ಲೂ ಇರಬೇಕಾದ ಕ್ರಿಯಾಟಿನ್‌ನ ಏರು ಅಲ್ಲಿ ಕಾಣಲೇ ಇಲ್ಲ. ಜೀವಕೋಶಗಳಿಗೆ ಶಕ್ತಿ ಒದಗಿಸಲು ಬೇಕಾದ ವಸ್ತುವದು. ನಮ್ಮ ದೇಹವೇ ಅದನ್ನು ತಯಾರಿಸುತ್ತದೆ. ಈ ಮಗುವಿನ ದೇಹಕ್ಕೆ ಅದು ಸಾಧ್ಯವಾಗಿರಲಿಲ್ಲ. ಕ್ರಿಯಾಟಿನನ್ನು ಬಾಯಿಯ ಮೂಲಕ ಕೊಟ್ಟರು. ಮಿದುಳಿನಲ್ಲಿ ಅದರ ಪ್ರಮಾಣ ಏರಿತು, ಮಗು ಚೇತರಿಸಿಕೊಳ್ಳತೊಡಗಿತು.

2000ದಲ್ಲಿ ಇಟಲಿಯ ಇಬ್ಬರು ಅಕ್ಕತಂಗಿಯರಲ್ಲೂ ಇದೇ ಕೊರತೆ ಕಂಡಿತು. ಅವರ ರಕ್ತದಲ್ಲಿ ಕ್ರಿಯಾಟಿನ್ ಸರಿಯಾಗಿಯೇ ಇತ್ತು! ಎಂಆರ್‌ಎಸ್ ಇಲ್ಲದಿದ್ದರೆ ಯಾರಿಗೆ ತಿಳಿಯುತ್ತಿತ್ತು?

ಈ ಎರಡೂ ಬಗೆಯ ಕಾಯಿಲೆ ಬರಬೇಕಾದರೆ ತಂದೆ ತಾಯಿ ಇಬ್ಬರಿಂದಲೂ ದೋಷವುಳ್ಳ ಜೀನ್ ಬಂದಿರಬೇಕು. ಸೊಸೆಯನ್ನು ದೂರುವ ಅತ್ತೆಯಂದಿರು ಇದನ್ನು ಗಮನಿಸಲಿ. ಸಮೀಪದ ಸಂಬಂಧದಲ್ಲಿ ಮದುವೆಯಾದವರ ಮಕ್ಕಳಲ್ಲಿ ಇದರ ಸಾಧ್ಯತೆ ಹೆಚ್ಚು. ಇನ್ನೊಂದು ಬಗೆಯಲ್ಲಿ ದೇಹ ಕ್ರಿಯಾಟಿನ್ ತಯಾರಿಸುತ್ತದೆ, ಆದರೆ ಅದು ಮಿದುಳನ್ನು ಸೇರುವುದಿಲ್ಲ. ಅದು ಹೆಚ್ಚಾಗಿ ಗಂಡುಮಕ್ಕಳನ್ನು ಕಾಡುತ್ತದೆ. ಅಂಥವರಿಗೆ ಕ್ರಿಯಾಟಿನ್ ಕುಡಿಸಿ ಹೆಚ್ಚಿನ ಪ್ರಯೋಜನವಿಲ್ಲ. ಆದ್ದರಿಂದ ಎಂಆರ್‌ಎಸ್ ಆದ ಮೇಲೂ ರಕ್ತ, ಮೂತ್ರ ಮತ್ತು ಜೀನ್ ಪರೀಕ್ಷೆ ಬೇಕಾಗುತ್ತದೆ. ಜಿಮ್‌ಗೆ ಹೋಗುವ ಹುಡುಗರು ಸೇವಿಸುವ ಪುಡಿಯೂ ಕ್ರಿಯಾಟಿನ್ನೇ. ಹಾಗೆಂದು ಅಂಗಡಿಯಿಂದ ತಂದು ಮಗುವಿಗೆ ಕುಡಿಸಬೇಡಿ.

ಮಾತು ತಡವಾದ ಮಕ್ಕಳಿಗೆಲ್ಲ ಈ ಪರೀಕ್ಷೆ ಬೇಕಿಲ್ಲ. ಮೊದಲು ಕಿವಿ ಕೇಳಿಸುತ್ತದೆಯೇ ಎಂದು ಪರೀಕ್ಷಿಸಿ. ಮಾತಿನ ಜೊತೆಗೆ ಬೆಳವಣಿಗೆಯೂ ಕುಂಠಿತವಾಗಿದ್ದರೆ, ಅಪಸ್ಮಾರ ಬರುತ್ತಿದ್ದರೆ ಮಕ್ಕಳ ನರರೋಗ ತಜ್ಞರನ್ನು ಕಂಡು ಎಂಆರ್‌ಎಸ್ ಬಗ್ಗೆ ಕೇಳಿ. ತಡ ಮಾಡಬೇಡಿ. ಮನೆಯ ಮೊದಲ ಮಗುವಿನಲ್ಲಿ ಕಾಯಿಲೆ ಪತ್ತೆಯಾದ್ದರಿಂದ ಎಳವೆಯಲ್ಲೇ ಚಿಕಿತ್ಸೆ ಸಿಕ್ಕ ತಮ್ಮ ತಂಗಿಯರು ಇತರ ಮಕ್ಕಳಂತೆಯೇ ಬೆಳೆದ ಉದಾಹರಣೆಗಳಿವೆ.

ಪರೀಕ್ಷೆಯಲ್ಲಿ ಎಕ್ಸ್‌ರೇ ಬಳಕೆಯಿಲ್ಲ. ಅಲುಗಾಡಬಾರದೆಂದು ಚಿಕ್ಕ ಮಕ್ಕಳಿಗೆ ನಿದ್ರೆಯ ಔಷಧಿ ಕೊಡುತ್ತಾರೆ. ಜೊತೆಗೆ ಒಳಗೆ ಹೋಗುವ ತಾಯಿ ಸ್ಕಾರ್ಫಿನ ಪಿನ್ನು, ಬಳೆಗಳನ್ನೂ ಮಗುವಿನ ಕೊರಳ ತಾಯಿತವನ್ನೂ ಹೊರಗೇ ತೆಗೆದಿಡಬೇಕು.