ನೀಲಿಯಾಗಿರುವುದೆಲ್ಲ ಕಡಲಲ್ಲ

ಹವಳದ ತೊಟ್ಟಿ ಇಟ್ಟುಕೊಂಡವರ ಮನೆಗೆ ಸಂಜೆ ಹೋದರೆ ಒಂದು ಶಾಸ್ತ್ರ ತಪ್ಪದೆ ನಡೆಯುತ್ತದೆ. ಕಾಫಿ ಕುಡಿದಾದ ಮೇಲೆ ಕೋಣೆಯ ದೀಪ ಆರುತ್ತದೆ. ಮನೆಯ ಯಜಮಾನ ಮೊಬೈಲಿನ ಮೇಲೆ ಬೆರಳಾಡಿಸುತ್ತಾನೆ, ತೊಟ್ಟಿ ಕಡುನೀಲಿಗೆ ತಿರುಗುತ್ತದೆ. ಒಳಗಿನ ಹವಳಗಳು ಹಸಿರಾಗಿ, ಕಿತ್ತಳೆಯಾಗಿ ಕೆಂಡದಂತೆ ಹೊಳೆಯುತ್ತವೆ. ಬಂದವರೆಲ್ಲ ‘ಅಬ್ಬಾ’ ಎಂದು ಫೋಟೋ ತೆಗೆಯುತ್ತಾರೆ.

ನನ್ನ ಮನೆಯಲ್ಲೂ ಈ ಶಾಸ್ತ್ರ ನಡೆಯುತ್ತಿತ್ತು. ಒಂದು ಮಧ್ಯಾಹ್ನ ಗಾಜು ಉಜ್ಜಲೆಂದು ನೀಲಿ ತೆಗೆದು ಬರೀ ಬಿಳಿ ದೀಪ ಹಾಕಿದೆ. ರಾತ್ರಿ ರಾತ್ರಿ ಹಸಿರಾಗಿ ಬೆಳಗುತ್ತಿದ್ದ ಮಶ್ರೂಮ್ ಹವಳಗಳು ಅರ್ಧಕ್ಕರ್ಧ ಕುಗ್ಗಿ, ಅಂಚು ಮಡಚಿಕೊಂಡು, ಬಿಳಿಚಿಕೊಂಡಿದ್ದವು. ಎಷ್ಟು ದಿನದಿಂದ ಹಾಗಿದ್ದವೋ! ದಿನಾ ಎದುರಿಗೇ ಕೂತು ನೋಡುತ್ತಿದ್ದ ನನಗೆ ಕಂಡಿರಲಿಲ್ಲ. ಕಾಣದ ಹಾಗೆ ಮಾಡಿದ್ದು ನಾನೇ ದುಡ್ಡು ಕೊಟ್ಟು ತಂದ ದೀಪ.

ಅದಕ್ಕೇ ಈ ಜಗಳ. ನಾವು ದೀಪವನ್ನು ಹವಳಕ್ಕಾಗಿ ಕೊಳ್ಳುತ್ತಿಲ್ಲ, ನಮ್ಮ ಕಣ್ಣಿಗಾಗಿ ಕೊಳ್ಳುತ್ತಿದ್ದೇವೆ. ಅದರ ದಂಡವನ್ನು ಮಾತ್ರ ಹವಳ ತೆರುತ್ತಿದೆ.

ಹವಳ ಕಲ್ಲಲ್ಲ, ಗಿಡವಲ್ಲ, ಪ್ರಾಣಿ. ನಾವು ಸಾಕುವ ಬಹುಪಾಲು ಹವಳಗಳ ಜೀವಕೋಶದೊಳಗೆ ಬರಿಗಣ್ಣಿಗೆ ಕಾಣದ ಪಾಚಿ ಬಾಡಿಗೆಗಿರುತ್ತದೆ. ಅದು ಬೆಳಕಿನಿಂದ ಸಕ್ಕರೆ ತಯಾರಿಸಿ ದೊಡ್ಡ ಪಾಲನ್ನು ಹವಳಕ್ಕೆ ಬಾಡಿಗೆಯಾಗಿ ಕೊಡುತ್ತದೆ. ಹಾಗಾಗಿ ತೊಟ್ಟಿಯ ಮೇಲಿನ ದೀಪ ಅಲಂಕಾರವಲ್ಲ, ಅಡುಗೆಮನೆ. ಬೆಳಕು ಕಡಿಮೆಯಾದರೆ ಹವಳಕ್ಕೆ ಉಪವಾಸ. ಅತಿಯಾದರೆ ಇನ್ನೂ ಅನಾಹುತ: ಬಳಸಿಕೊಳ್ಳಲಾಗದ ಬೆಳಕಿನಿಂದ ಪಾಚಿಯೊಳಗೆ ಆಮ್ಲಜನಕದ ಹಾನಿಕಾರಕ ರೂಪಗಳು ಹುಟ್ಟುತ್ತವೆ, ಹವಳ ಕೊನೆಗೆ ಬಾಡಿಗೆದಾರನನ್ನೇ ಹೊರದಬ್ಬುತ್ತದೆ. ಬಿಳಿಚಿಕೊಳ್ಳುವುದು ಅಂದರೆ ಇದು.

ನೀಲಿ ದೀಪದ ಪರ ಮಾತಾಡುವವರ ಬಳಿ ಗಟ್ಟಿ ಉತ್ತರವೊಂದಿದೆ, ಅದನ್ನು ಮುಚ್ಚಿಟ್ಟು ವಾದಿಸುವುದು ಸರಿಯಲ್ಲ. ನೀರು ಕೆಂಪು ಬೆಳಕನ್ನು ಮೊದಲ ಕೆಲವು ಮೀಟರಿನಲ್ಲೇ ನುಂಗಿಬಿಡುತ್ತದೆ. ತಿಳಿಯಾದ ಕಡಲಿನಲ್ಲಿ ಆಳಕ್ಕಿಳಿಯುವುದು ನೀಲಿಯೇ. ಪಾಚಿಯ ಪತ್ರಹರಿತ್ತೂ, ಅದರ ಜೊತೆಗಿರುವ ಪೆರಿಡಿನಿನ್ ಎಂಬ ವರ್ಣದ್ರವ್ಯವೂ ನೀಲಿ ಮತ್ತು ನೀಲಿ-ಹಸಿರು ಬೆಳಕನ್ನು ಚೆನ್ನಾಗಿ ಹೀರುತ್ತವೆ. ಎಲ್‌ಇಡಿ ಬರುವ ಮೊದಲು, ಮೆಟಲ್ ಹಾಲೈಡ್ ದೀಪಗಳ ಕಾಲದಲ್ಲೂ ಹವ್ಯಾಸಿಗಳು 10,000 ಕೆಲ್ವಿನ್‌ನಿಂದ 20,000 ಕೆಲ್ವಿನ್‌ವರೆಗೆ ನೀಲಿಯ ಕಡೆಗೇ ವಾಲಿದ್ದರು. ಎಲ್ಲ ಒಪ್ಪಿದೆ. ನೀಲಿ ಹವಳಕ್ಕೆ ಒಳ್ಳೆಯ ಊಟವೇ. ನನ್ನ ತಕರಾರು ಊಟದ ಮೇಲಲ್ಲ, ಬಡಿಸುವವರ ಅಳತೆಯ ಮೇಲೆ.

ಹಗಲಿನಲ್ಲಿ ಮನುಷ್ಯನ ಕಣ್ಣು ಅತಿ ಚುರುಕಾಗಿರುವುದು ಹಸಿರಿಗೆ, ಸುಮಾರು 555 ನ್ಯಾನೋಮೀಟರಿನ ಬೆಳಕಿಗೆ. ತೊಟ್ಟಿಯ ನೀಲಿ ಎಲ್‌ಇಡಿ ಉರಿಯುವುದು 450ರ ಆಸುಪಾಸಿನಲ್ಲಿ. ಅಲ್ಲಿ ನಮ್ಮ ಕಣ್ಣು ಬಲು ಮಂದ. ಎಷ್ಟು ನೀಲಿ ಸುರಿದರೂ ‘ಇನ್ನೂ ಮಬ್ಬಾಗಿದೆಯಲ್ಲ’ ಅನ್ನಿಸುತ್ತದೆ. ಮೊಬೈಲಿನ ಲಕ್ಸ್ ಆ್ಯಪ್ ಹಿಡಿದರೆ ಅದೂ ನಮ್ಮ ಮಾತಿಗೆ ಹೂಂಗುಟ್ಟುತ್ತದೆ. ಲಕ್ಸ್ ಎಂಬ ಅಳತೆಯನ್ನು ಕಟ್ಟಿರುವುದೇ ಮನುಷ್ಯನ ಕಣ್ಣಿನ ಮೇಲೆ. ಶೇಕಡಾ 40ರಲ್ಲಿದ್ದ ದೀಪವನ್ನು 70 ಮಾಡುತ್ತೇವೆ, ಆಮೇಲೆ 100. ನಮಗೆ ಮಬ್ಬು ಸಂಜೆಯಂತೆ ಕಾಣುವುದು ಪಾಚಿಗೆ ಸುಡುಬಿಸಿಲು. ನಾನು ಮಾಡಿದ್ದು ಇದನ್ನೇ.

ಬರಿಗಣ್ಣಿನ ಮಾತನ್ನು ಪರೀಕ್ಷಿಸದೆ ಒಪ್ಪಬಾರದೆಂಬ ಪಾಠ ನಮಗೆ ಹೊಸದಲ್ಲ. 1921ರ ಹಡಗಿನ ಪ್ರಯಾಣದಲ್ಲಿ ಸಿ.ವಿ. ರಾಮನ್ ಕಡಲಿನ ನೀಲಿಯನ್ನು ನೋಡಿದರು. ಅದು ಆಕಾಶದ ಪ್ರತಿಬಿಂಬ ಎಂಬುದು ಆಗ ಒಪ್ಪಿತವಾಗಿದ್ದ ಮಾತು. ರಾಮನ್ ಸಣ್ಣದೊಂದು ನಿಕೋಲ್ ಪಟ್ಟಕ ಹಿಡಿದು, ನೀರಿನ ಮೇಲ್ಮೈಯ ಪ್ರತಿಫಲನವನ್ನು ಕಳೆದು ನೋಡಿದರು. ನೀಲಿ ಹೋಗಲಿಲ್ಲ. 1933ರಲ್ಲಿ ಅವರು ಬಂದು ನೆಲೆ ನಿಂತ ಬೆಂಗಳೂರಿನಲ್ಲೇ ಕೂತು ನಾವು ಹತ್ತಾರು ಸಾವಿರ ರೂಪಾಯಿಯ ದೀಪ ಕೊಳ್ಳುತ್ತೇವೆ, ಒಂದೇ ಒಂದು ಅಳತೆ ಮಾಡುವುದಿಲ್ಲ. ಹವಳದ ಅಳತೆಗೆ ಪಾರ್ ಎಂದು ಹೆಸರು: 400ರಿಂದ 700 ನ್ಯಾನೋಮೀಟರಿನ ನಡುವಿನ ಫೋಟಾನುಗಳು ಒಂದು ಚದರ ಮೀಟರಿನ ಮೇಲೆ ಸೆಕೆಂಡಿಗೆ ಎಷ್ಟು ಮೈಕ್ರೋಮೋಲ್ ಬೀಳುತ್ತವೆ ಎಂಬ ಲೆಕ್ಕ. ಅದರಲ್ಲಿ ನಮ್ಮ ಕಣ್ಣಿಗೆ ಪಾಲಿಲ್ಲ.

ನೀಲಿಯ ಇನ್ನೊಂದು ಮೋಸ ಸೂಕ್ಷ್ಮವಾದದ್ದು. ಹವಳದ ಕೆಲವು ಪ್ರೋಟೀನುಗಳು ನೀಲಿಯನ್ನು ಹೀರಿಕೊಂಡು ಹಸಿರಾಗಿ, ಕೆಂಪಾಗಿ ಹೊರಸೂಸುತ್ತವೆ. ಆ ಪ್ರೋಟೀನು ಹವಳದ್ದು, ಪಾಚಿಯದ್ದಲ್ಲ. ಹಾಗಾಗಿ ಪಾಚಿ ಖಾಲಿಯಾಗುತ್ತಿರುವ ಹವಳವೂ ನೀಲಿಯಡಿ ಹೊಳೆಯಬಲ್ಲದು. ಕಂದು ಪಾಚಿಯ ಮುಸುಕು ಸರಿದಾಗ ಹೊಳಪು ಹೆಚ್ಚಿದಂತೆ ಕಾಣುವುದೂ ಉಂಟು. ಜ್ವರದಲ್ಲಿ ಕೆಂಪಾದ ಕೆನ್ನೆ ನೋಡಿ ‘ಮಗು ಎಷ್ಟು ಲಕ್ಷಣವಾಗಿದೆ’ ಅಂದ ಹಾಗಾಯಿತು. ಮುರ್ಡೇಶ್ವರದಾಚೆಯ ನೇತ್ರಾಣಿಯಲ್ಲಿ ಮುಳುಗಿ ಬಂದವರನ್ನು ಕೇಳಿ: ಅಲ್ಲಿ ಹವಳ ಪಾರ್ಟಿಯ ದೀಪದಂತೆ ಉರಿಯುವುದಿಲ್ಲ. ಹಗಲಿನ ಬೆಳಕಿನಲ್ಲಿ ಹೆಚ್ಚಿನ ಹವಳಗಳು ಕಂದು, ಹಸಿರುಗಂದು. ನಾವು ತೊಟ್ಟಿಯಿಂದ ಓಡಿಸಲು ಹೊರಟಿರುವ ಆ ಕಂದೇ ಹವಳಕ್ಕೆ ಅನ್ನ ಹಾಕುವ ಪಾಚಿಯ ಬಣ್ಣ.

ಇನ್ನು ನಕಲಿನ ಮಾತು. ಅಮೆರಿಕದ ಹವ್ಯಾಸಿಯ ವಿಡಿಯೋ ನೋಡಿ ಅವನದೇ ದೀಪ, ಅವನದೇ ಸೆಟ್ಟಿಂಗ್ ತರುತ್ತೇವೆ. ಅವನ ತೊಟ್ಟಿಯಲ್ಲಿರುವುದು ಅಕ್ರೊಪೊರಾದಂಥ ಕಲ್ಲುಹವಳ. ಅದಕ್ಕೆ 200ರಿಂದ 350ರವರೆಗೆ ಪಾರ್ ಕೊಡುವುದು ರೂಢಿ. ನಮ್ಮಲ್ಲಿ? 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ 2001ರಲ್ಲೇ ಕಲ್ಲುಹವಳಗಳು ಸೇರಿವೆ. ನಮ್ಮ ಕಡಲಿನಿಂದ ಅವನ್ನು ಕೀಳುವುದೂ ಅಪರಾಧ, ಮಾರುವುದೂ ಅಪರಾಧ. ಮನೆಗಳಲ್ಲಿ ಸಾಮಾನ್ಯವಾಗಿ ಇರುವುದು ಮಶ್ರೂಮ್, ಲೆದರ್, ಜೋಆಂಥಿಡ್ ಮುಂತಾದವು. ಮಶ್ರೂಮ್‌ಗೆ 50ರಿಂದ 100 ಪಾರ್ ಧಾರಾಳ. ಇಂಥವುಗಳ ನೆತ್ತಿಯ ಮೇಲೆ ಅಕ್ರೊಪೊರಾದ ದೀಪ ತೂಗುಹಾಕುವುದು ಅಂಗನವಾಡಿ ಮಕ್ಕಳಿಗೆ ಪೈಲ್ವಾನರ ಊಟ ಬಡಿಸಿದಂತೆ. ಅಷ್ಟೇ ಆದರೂ ಸರಿ, ‘ಇಷ್ಟು ಒಳ್ಳೆಯ ದೀಪವಿದೆ, ಅದಕ್ಕೆ ತಕ್ಕ ಹವಳವೂ ಇರಲಿ’ ಎಂಬ ಆಸೆ ಬೇರೆ ಹುಟ್ಟುತ್ತದೆ. ಕದ್ದ ಮಾಲಿನ ಬಾಗಿಲಿಗೆ ದಾರಿ ಅಲ್ಲಿಂದಲೇ.

‘ನನ್ನ ದುಡ್ಡು, ನನ್ನ ಮನೆ, ಕಣ್ಣಿಗೆ ಹಬ್ಬವಾದರೆ ನಿನ್ನದೇನು?’ ಎಂದು ಕೇಳುವವರಿದ್ದಾರೆ. ಬಿಸಿಲು ಹೆಚ್ಚಾದರೆ ಮೀನು ಕಲ್ಲಿನ ಮರೆಗೆ ಹೋಗುತ್ತದೆ, ನಾವು ಕಿಟಕಿಗೆ ಪರದೆ ಎಳೆಯುತ್ತೇವೆ. ಕಲ್ಲಿಗೆ ಅಂಟಿದ ಜೀವ ಎದ್ದು ಎಲ್ಲಿಗೆ ಹೋದೀತು? ಅದನ್ನು ಅಲ್ಲಿ ಅಂಟಿಸಿದವರು ನಾವು. ಹಬ್ಬ ಬೇಡವೆಂದಲ್ಲ, ಅದು ಹವಳದ ಊಟ ಮುಗಿದ ಮೇಲಿನ ಮಾತಾಗಲಿ.

ಹಾಗಾದರೆ ದೀಪ ಕೊಳ್ಳುವುದು ಹೇಗೆ? ಮೊದಲು ಯಾವ ಹವಳ ಎಂದು ನಿರ್ಧರಿಸಿ, ಆಮೇಲೆ ದೀಪ. ಪಾರ್ ಮೀಟರ್ ದುಬಾರಿ. ನಾಲ್ಕು ಜನ ಸೇರಿ ಒಂದು ಕೊಳ್ಳಿ, ಅಥವಾ ಇದ್ದವರಿಂದ ಒಂದು ದಿನಕ್ಕೆ ತನ್ನಿ. ಮರಳಿನ ಮೇಲೆ, ಕಲ್ಲಿನ ನಡುವೆ, ತುದಿಯಲ್ಲಿ ಅಳೆದು ಬರೆದಿಟ್ಟುಕೊಳ್ಳಿ. ಒಂದೇ ಕಡೆ ಚುಚ್ಚುವ ದೀಪಕ್ಕಿಂತ ತೊಟ್ಟಿಯಿಡೀ ಸಮನಾಗಿ ಹರಡುವ ದೀಪ ಮೇಲು. ಕಡಿಮೆಯಲ್ಲಿ ಶುರುಮಾಡಿ, ವಾರಗಟ್ಟಲೆ ತೆಗೆದುಕೊಂಡು ಏರಿಸಿ. ದಿನಕ್ಕೆ ಎಂಟು-ಹತ್ತು ಗಂಟೆಯ ಬೆಳಕು ಸಾಕು, ಆಮೇಲೆ ನಿಜವಾದ ಕತ್ತಲೆ ಕೊಡಿ. ಮುಖ್ಯವಾಗಿ, ದಿನಕ್ಕೊಮ್ಮೆ ಬಿಳಿ ಬೆಳಕಿನಲ್ಲಿ ನಿಮ್ಮ ಹವಳದ ಮುಖ ನೋಡಿ.

2024ರಲ್ಲಿ ಲಕ್ಷದ್ವೀಪದ ಹವಳಗಳು ಕಾದ ನೀರಿನಲ್ಲಿ ಬಿಳಿಚಿಕೊಂಡಾಗ ನಾವೆಲ್ಲ ಮರುಗಿದೆವು. ಆ ಕಡಲಿನ ಬಿಸಿಯನ್ನು ಒಂದು ಗುಂಡಿ ಒತ್ತಿ ಇಳಿಸಲಾಗದು. ನನ್ನ ಮಶ್ರೂಮ್‌ಗಳ ಮೇಲಿದ್ದ ಬಿಸಿಲಿಗೆ ಗುಂಡಿಯಿತ್ತು, ಅದು ನನ್ನ ಕೈಯಲ್ಲೇ ಇತ್ತು. ಅವುಗಳಲ್ಲಿ ಮೂರು ಮಾತ್ರ ಉಳಿದುಕೊಂಡವು, ಈಗ ಕಲ್ಲಿನ ನೆರಳಲ್ಲಿ ಕಂದಾಗಿ ಅರಳಿಕೊಂಡಿವೆ. ಬಂದವರು ಅವನ್ನು ನೋಡಿ ‘ಅಬ್ಬಾ’ ಅನ್ನುವುದಿಲ್ಲ. ಅನ್ನದಿದ್ದರೆ ಬೇಡ.