ಸಾಲುಮರದ ಅಜ್ಜಿಯೂ ನಮ್ಮ ಶಾಲೆಯ ಗುಂಡಿಗಳೂ



ಸಾಲುಮರದ ತಿಮ್ಮಕ್ಕ ಅಜ್ಜಿ ತೀರಿಕೊಂಡದ್ದು ನಿಮಗೆಲ್ಲ ಗೊತ್ತೇ ಇದೆ. 2025ರ ನವೆಂಬರ್ 14, ಮಕ್ಕಳ ದಿನಾಚರಣೆಯ ದಿನವೇ ಬೆಂಗಳೂರಿನ ಆಸ್ಪತ್ರೆಯಲ್ಲಿ ಕಣ್ಣು ಮುಚ್ಚಿದರು. ಅವರಿಗೆ 114 ವರ್ಷ ಅಂತ ಪೇಪರಿನಲ್ಲಿ ಬಂದಿತ್ತು. ನಾವೂ ಪ್ರಾರ್ಥನೆಯ ಹೊತ್ತಿನಲ್ಲಿ ಮೌನ ಆಚರಿಸಿ ತರಗತಿಗೆ ಹೋದೆವು. ಅಷ್ಟಕ್ಕೇ ಮುಗಿಯಬಾರದು ಅಂತ ಈ ನಾಲ್ಕು ಮಾತು ಬರೆಯುತ್ತಿದ್ದೇನೆ.

ಅಜ್ಜಿ ಹುಟ್ಟಿದ್ದು ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ. ಮದುವೆಯಾಗಿ ಬಂದದ್ದು ಮಾಗಡಿ ತಾಲ್ಲೂಕಿನ ಹುಲಿಕಲ್ಲಿಗೆ. ಶಾಲೆಯ ಮೆಟ್ಟಿಲು ಹತ್ತಿದವರಲ್ಲ, ಕೂಲಿ ಮಾಡಿ ಬದುಕಿದವರು. ಗಂಡ ಚಿಕ್ಕಯ್ಯನವರ ಜೊತೆ ಸೇರಿ ಹುಲಿಕಲ್‌ನಿಂದ ಕುದೂರಿಗೆ ಹೋಗುವ ರಸ್ತೆಯ ಪಕ್ಕ 385 ಆಲದ ಮರ ಬೆಳೆಸಿದರು. 2019ರಲ್ಲಿ ಪದ್ಮಶ್ರೀ ಬಂತು. ಇಷ್ಟು ನಮಗೆ ಬಾಯಿಪಾಠ.

ಆದರೆ ಇನ್ನೊಂದು ಲೆಕ್ಕ ನೋಡಿ. ಮೊದಲ ವರ್ಷ ಅವರು ನೆಟ್ಟದ್ದು 10 ಸಸಿ. ಎರಡನೇ ವರ್ಷ 15. ಮೂರನೇ ವರ್ಷ 20. ಒಂದೇ ದಿನ 385 ನೆಟ್ಟು ಫೋಟೋ ತೆಗೆಸಿಕೊಳ್ಳಲಿಲ್ಲ. ಮಳೆಗಾಲದಲ್ಲಿ ನೆಟ್ಟು, ದನ ಮೇಯದ ಹಾಗೆ ಮುಳ್ಳಿನ ಬೇಲಿ ಕಟ್ಟಿ, ದೂರದಿಂದ ಬಿಂದಿಗೆಯಲ್ಲಿ ನೀರು ಹೊತ್ತು ಹಾಕಿದರು. ನೆಡೋದು ಒಂದು ದಿನದ ಕೆಲಸ, ಸಾಕೋದು ವರ್ಷಗಳ ಕೆಲಸ.

ಈಗ ನಮ್ಮ ಶಾಲೆಗೆ ಬನ್ನಿ. ಪ್ರತಿ ಜೂನ್ 5ಕ್ಕೆ ಕಾಂಪೌಂಡಿನ ಪಕ್ಕ ಗಿಡ ನೆಡುತ್ತೇವೆ, ಚಪ್ಪಾಳೆ ತಟ್ಟುತ್ತೇವೆ. ಮರು ವರ್ಷ ಅದೇ ಗುಂಡಿಗೆ ಹೊಸ ಗಿಡ! ಗುಂಡಿ ತೋಡುವ ಶ್ರಮ ಮಾತ್ರ ಉಳಿದಿದೆ, ನೆರಳು ಬರಲಿಲ್ಲ.

“ಬೇಸಿಗೆ ರಜೆಯಲ್ಲಿ ಯಾರು ನೀರು ಹಾಕ್ತಾರೆ?” ಅಂತ ಕೆಲವರು ಕೇಳ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಶಾಲೆಯ ಪಕ್ಕದ ಬೀದಿಯಲ್ಲೇ ನಮ್ಮಲ್ಲಿ ಎಷ್ಟೋ ಜನರ ಮನೆ ಇದೆ. ರಜೆಯಲ್ಲಿ ದಿನವೂ ಇಲ್ಲೇ ಕ್ರಿಕೆಟ್ ಆಡ್ತೀವಿ. ಆಡಲು ಬರುವವರು ಒಂದೊಂದು ಬಿಂದಿಗೆ ನೀರು ತಂದರೆ ಸಾಲದೇ?

ಮಕ್ಕಳಿಲ್ಲ ಅಂತ ಅಜ್ಜಿ ಮರಗಳನ್ನೇ ಮಕ್ಕಳ ಹಾಗೆ ಸಾಕಿದರು ಅನ್ನೋದು ಎಲ್ಲರ ಬಾಯಲ್ಲೂ ಇರುವ ಮಾತು. ನಿಜವೇ. ಹಾಗಂತ ಮಕ್ಕಳಿರುವವರು ಮರ ಸಾಕಬೇಕಾಗಿಲ್ಲ ಅಂತ ಅರ್ಥವೇ? ಆ ಮರಗಳ ನೆರಳಲ್ಲಿ ನಡೆಯುವವರೆಲ್ಲ ಬೇರೆಯವರ ಮಕ್ಕಳೇ ಅಲ್ಲವೇ?

ಚಿಕ್ಕಯ್ಯನವರನ್ನೂ ಮರೆಯಬಾರದು. ಅವರು 1991ರಲ್ಲೇ ತೀರಿಕೊಂಡರು, ಪದ್ಮಶ್ರೀಯನ್ನು ಕಾಣಲಿಲ್ಲ. ಆಮೇಲೂ ಅಜ್ಜಿ ಮರಗಳ ಕೈ ಬಿಡಲಿಲ್ಲ. 2019ರಲ್ಲಿ ರಸ್ತೆ ಅಗಲ ಮಾಡಲು ಆ ಮರಗಳಿಗೇ ಕುತ್ತು ಬಂದಾಗ, ಅಷ್ಟು ವಯಸ್ಸಿನಲ್ಲೂ ಮರ ಉಳಿಸಿ ಅಂತ ಮುಖ್ಯಮಂತ್ರಿಗಳನ್ನು ಕೇಳಿಕೊಂಡರು. ಬೆಳೆದ ಮರಕ್ಕೂ ಕೇಳುವವರು ಬೇಕು.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು. ಬರುವ ಜೂನ್‌ನಲ್ಲಿ ನೂರು ಗಿಡ ಬೇಡ, ಹತ್ತೇ ಸಾಕು. ಒಂದೊಂದು ಗಿಡಕ್ಕೂ ನಾಲ್ಕು ಜನರ ಹೆಸರು ಬರೆದು ಇದೇ ಗೋಡೆಯ ಮೇಲೆ ಅಂಟಿಸೋಣ. ರಜೆಯ ಸರದಿಯನ್ನೂ ಬರೆಯೋಣ. ಹತ್ತೂ ಬದುಕಿದರೆ ಮರು ವರ್ಷ ಹದಿನೈದು. ಬದುಕದಿದ್ದರೆ ಮತ್ತೆ ಹತ್ತು. ಅಜ್ಜಿಯ ಲೆಕ್ಕ ಅದೇ.

ಗುರುಗಳು ಒಪ್ಪಿದರೆ ಮೊದಲ ಗಿಡದ ಪಟ್ಟಿಯಲ್ಲಿ ನನ್ನ ಹೆಸರು ಬರೆಯಿರಿ. ಉಳಿದ ಮೂರು ಹೆಸರು ಯಾರದು?

ಇಂತಿ ನಿಮ್ಮ ಗೆಳತಿ,
9ನೇ ತರಗತಿ